ಟಾಹೋಗೆ ಹೋಗಲು ಫೋರ್ ವೀಲ್ ಡ್ರೈವ್ ಸಾಕೇ, ಚೈನ್ ಕೂಡ ಬೇಕೇ?

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಐ-80 ಹೆದ್ದಾರಿಯಲ್ಲಿ ಬೆಟ್ಟಗಳ ನಡುವಿನ ಲೇಕ್ ಟಾಹೋ ಸರೋವರಕ್ಕೆ ಹೋಗುವಾಗ, ಫೋರ್ ವೀಲ್ ಡ್ರೈವ್ ಇದ್ದರೂ ಟೈರ್ ಚೈನ್ (ಹಿಮದಲ್ಲಿ ಹಿಡಿತ ಸಿಗಲು ಟೈರಿನ ಸುತ್ತ ಕಟ್ಟುವ ಸರಪಳಿ) ಬೇಕೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ಬೇಕು.

ಫೋರ್ ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುವುದರಿಂದ ಹಿಮದಲ್ಲಿ ಮುಂದೆ ಸಾಗಲು, ಏರು ಹತ್ತಲು ನೆರವಾಗುತ್ತದೆಯೇ ಹೊರತು, ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವುದು ಟೈರಿನ ಹಿಡಿತದಿಂದಲೇ. ಈ ಹೆದ್ದಾರಿಯಲ್ಲಿ ಸಿಗುವ, 7,200 ಅಡಿ ಎತ್ತರದ ಡಾನರ್ ಕಣಿವೆದಾರಿಯನ್ನು ಸಲೀಸಾಗಿ ಹತ್ತಿದ ಗಾಡಿಯೇ ಅದರಾಚೆ ಟ್ರಕೀ ಊರಿನ ಕಡೆಯ ಇಳಿಜಾರಿನಲ್ಲಿ ಜಾರಬಹುದು. ನನಗೆ ಹೆಚ್ಚು ಭಯವೆನಿಸುವುದು ಈ ಇಳಿಜಾರೇ.

ಹಿಮ ಬಿದ್ದಾಗ ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಚೈನ್ ನಿಯಮ ಆರ್-1ರಿಂದ ಆರ್-3ರವರೆಗೆ ಹಂತಹಂತವಾಗಿ ಬಿಗಿಯಾಗುತ್ತದೆ. ಆರ್-2 ಹಂತದ ನಿಯಮದಂತೆ, ನಾಲ್ಕೂ ಚಕ್ರಗಳಿಗೆ ಹಿಮದ ಟೈರ್ ಇರುವ (ಟೈರಿನ ಪಕ್ಕದಲ್ಲಿ ‘ಎಂ ಪ್ಲಸ್ ಎಸ್’ ಎಂಬ ಗುರುತು ನೋಡಿಕೊಳ್ಳಿ) ಫೋರ್ ವೀಲ್ ಡ್ರೈವ್ ಗಾಡಿಗೆ ಚೈನ್ ಕಟ್ಟುವುದರಿಂದ ವಿನಾಯಿತಿ ಇದೆಯಾದರೂ, ಚೈನ್ ಗಾಡಿಯಲ್ಲಿ ಇರಲೇಬೇಕು. ಆರ್-3 ಹಂತದಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಚೈನನ್ನು ಯಾವ ಚಕ್ರಗಳಿಗೆ ಕಟ್ಟಬೇಕೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ, ಹೊರಡುವ ಮುನ್ನ ಮನೆಯ ಅಂಗಳದಲ್ಲೇ ಒಮ್ಮೆ ಕಟ್ಟಿ, ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ಕತ್ತಲಲ್ಲಿ, ಕೆಸರು ಹಿಮದಲ್ಲಿ ಮಂಡಿಯೂರಿ, ಒದ್ದೆ ಕೈಗವಸಿನ ಮರಗಟ್ಟಿದ ಬೆರಳುಗಳಿಂದ ಮೊದಲ ಬಾರಿಗೆ ಕೊಕ್ಕೆ ಸಿಕ್ಕಿಸುವುದು ಬಹಳ ಕಷ್ಟ. ಚೈನ್ ಕಟ್ಟಿದ ಮೇಲೆ ವೇಗ ಗಂಟೆಗೆ 25–30 ಮೈಲಿ ಮೀರದಿರಲಿ. ಹಿಮವಿಲ್ಲದ ರಸ್ತೆ ಸಿಕ್ಕ ಕೂಡಲೇ ಬಿಚ್ಚಿಬಿಡಿ.