ಅಪ್ಪ ಬೈಕಿಂದ ಬಿದ್ದ ಸುದ್ದಿ

ಮೇಡಂ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಓದುಗರಿಗೆ ಇಷ್ಟು ಹೇಳಿದರೆ ಸಾಕು: ನೀವು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಐದು ತರಗತಿಗೆ ಇಬ್ಬರೇ ಶಿಕ್ಷಕರು. ಮಕ್ಕಳು ರೈಮ್ಸ್ ಎಲ್ಲಾ ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಆದರೆ "ವಾಟ್ ಡಿಡ್ ಯು ಈಟ್?" ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಾಯಿಂದ ಬರಲೇಬಾರದು ಅಂತ ಶಾಲೆ ನೋಡಲು ಬಂದವರೊಬ್ಬರು ಹೇಳಿಹೋಗಿದ್ದಾರೆ. "ನಾನೂ ಕನ್ನಡ ಮೀಡಿಯಂನಲ್ಲಿ ಓದಿದವಳು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನಿಂದ ಮಕ್ಕಳಿಗೆ ಅನ್ಯಾಯ ಆಗ್ತಿದೆಯಾ?" ಎಂದು ಕೇಳಿದ್ದೀರಿ.

ಇಲ್ಲ ಮೇಡಂ, ಆಗ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಕನ್ನಡದ ವಿಷಯ. ಧೈರ್ಯವಾಗಿ ಬಳಸಿ. "ಇಬ್ಬಿಬ್ಬರು ಎದುರುಬದುರು ಕೂತ್ಕೊಳ್ಳಿ, ಒಬ್ಬರು ಕೇಳಿ, ಇನ್ನೊಬ್ಬರು ಚಿತ್ರ ನೋಡಿ ಉತ್ತರ ಹೇಳಿ" ಎನ್ನುವುದನ್ನು ಎರಡನೇ ತರಗತಿಗೆ ಇಂಗ್ಲಿಷ್‌ನಲ್ಲಿ ವಿವರಿಸಲು ಹೊರಟರೆ ಅರ್ಧ ಪೀರಿಯಡ್ ಹೋಗುತ್ತದೆ, ಆಮೇಲೂ ಅರ್ಧ ಮಕ್ಕಳಿಗೆ ತಿಳಿದಿರುವುದಿಲ್ಲ. ಕನ್ನಡದಲ್ಲಿ ಅರ್ಧ ನಿಮಿಷ ಸಾಕು. ಉಳಿದ ಹೊತ್ತೆಲ್ಲ ಇಂಗ್ಲಿಷ್‌ಗೆ ಸಿಗುತ್ತದೆ, ಅಲ್ವಾ?

ಹಾಗಂತ ಪಾಠವನ್ನು ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ಹೇಳುವುದು ಬೇಡ. ನಾನು ಕಲಿತದ್ದು ಹಾಗೇ. ಐದನೇ ತರಗತಿಯಲ್ಲಿ ಎಬಿಸಿಡಿ ಶುರು. ಮೇಷ್ಟ್ರು ಒಂದು ವಾಕ್ಯ ಓದುತ್ತಿದ್ದರು, ಅರ್ಥ ಹೇಳುತ್ತಿದ್ದರು, ಕೊನೆಗೆ ಪ್ರಶ್ನೋತ್ತರ ಬರೆಸುತ್ತಿದ್ದರು, ನಾವು ಉರು ಹೊಡೆಯುತ್ತಿದ್ದೆವು. ಒಳ್ಳೆಯ ಮಾರ್ಕ್ಸೇ ಬಂತು. ಆದರೆ ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಗಂಟಲು ಒಣಗಿ ನೀರು ಬೇಕಾದಾಗ ಅದನ್ನು ಇಂಗ್ಲಿಷ್‌ನಲ್ಲಿ ಕೇಳಲು ಬಾಯಿ ಬರಲಿಲ್ಲ. ಆರು ವರ್ಷದಲ್ಲಿ ಒಂದು ಸಲವೂ ನಮಗೆ ಬೇಕಾದ್ದನ್ನು ನಾವು ಇಂಗ್ಲಿಷ್‌ನಲ್ಲಿ ಕೇಳಿರಲೇ ಇಲ್ಲ. ನಿಮ್ಮ ಮಕ್ಕಳ ರೈಮ್ಸ್ ಕಥೆಯೂ ಇದೇ. ಬಾಯಿಗೆ ಬಂದಿದೆ, ಆದರೆ ಅದರಿಂದ ಯಾರಿಗೂ ಏನನ್ನೂ ಹೇಳುವ ಅಗತ್ಯ ಬಿದ್ದಿಲ್ಲ.

ಆ ಅಗತ್ಯ ಹುಟ್ಟಿಸುವುದೇ ದೊಡ್ಡ ಕೆಲಸ. ಇದನ್ನು ನಮ್ಮಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗಕ್ಕೆ ಇವತ್ತಿಗೂ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ಇಂಗ್ಲಿಷ್ ಕಲಿಸುವವರು ಎಲ್ಲೇ ಇರಲಿ, ಅದರ ಬಗ್ಗೆ ಓದುತ್ತಾರೆ. ನಡೆದದ್ದು ದಕ್ಷಿಣ ಭಾರತದ ಮಾಮೂಲಿ ಶಾಲೆಗಳಲ್ಲಿ, ತುಂಬಿದ ತರಗತಿಗಳಲ್ಲಿ. ವ್ಯಾಕರಣ ಪಾಠ ಮಾಡುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥದ್ದನ್ನು ಮುಂದಿಟ್ಟು ಲೆಕ್ಕ ಬಿಡಿಸುವ ಹಾಗೆ ಬಿಡಿಸಲು ಹೇಳುತ್ತಿದ್ದರು. ಯಾವ ರೈಲು ಮೊದಲು ಬರುತ್ತದೆ, ಈ ಊರಿಂದ ಆ ಊರಿಗೆ ಎಷ್ಟು ಹೊತ್ತು ಹೀಗೆ. ಮಗುವಿನ ಗಮನ ಉತ್ತರದ ಮೇಲಿದ್ದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎನ್ನುವುದು ಅವರ ನಂಬಿಕೆ. ಮನೆಮಾತಿಗೆ ಅಲ್ಲಿ ನಿಷೇಧ ಇರಲಿಲ್ಲ.

ನಿಮಗೆ ರೈಲು ಬೇಡ, ಊರ ಬಸ್ಸು ಇದೆಯಲ್ಲ. ಬೋರ್ಡಿನ ಮೇಲೆ ನಾಲ್ಕು ಬಸ್ಸಿನ ಊರು ಮತ್ತು ಟೈಮ್ ಬರೆಯಿರಿ, ಎರಡು ಟೈಮ್ ಖಾಲಿ ಬಿಡಿ. ಆ ಟೈಮ್ ಬರೆದ ಚೀಟಿ ಹಿಂದಿನ ಸಾಲಿನ ಒಬ್ಬ ಹುಡುಗನ ಹತ್ತಿರ ಇರಲಿ. ನಾಲ್ಕು, ಐದನೇ ತರಗತಿಯವರು "ವೆನ್ ಡಸ್ ದ ಹಾವೇರಿ ಬಸ್ ಲೀವ್?" ಎಂದು ಅವನನ್ನು ಕೇಳಲಿ. ಒಂದು, ಎರಡನೆಯವರು ಅವನು ಹೇಳಿದ ಅಂಕಿಯನ್ನು ಬೋರ್ಡಿನಲ್ಲಿ ತುಂಬಲಿ. ಅವನು ಬರೀ "ಸೆವೆನ್ ಥರ್ಟಿ" ಎಂದರೂ ಸಾಕು, ಪೂರ್ತಿ ವಾಕ್ಯಕ್ಕೆ ಹಟ ಮಾಡಬೇಡಿ. ನಾವು ಕನ್ನಡದಲ್ಲಿ ಮಾತಾಡುವಾಗ ಪೂರ್ತಿ ವಾಕ್ಯದಲ್ಲೇ ಉತ್ತರ ಕೊಡುತ್ತೇವಾ? ಐದೂ ತರಗತಿ ಒಂದೇ ಕೋಣೆಯಲ್ಲಿ ಇರುವುದು ಈ ಆಟಕ್ಕೆ ಅನುಕೂಲವೇ.

ಇನ್ನೊಂದು, ನಿಮ್ಮ ಮಕ್ಕಳು ಬರಿಗೈಯಲ್ಲಿ ಬಂದಿಲ್ಲ. ಬಸ್ಸು, ಪೆನ್ನು, ಲೈಟು, ಕರೆಂಟು, ಟಿಕೆಟ್ಟು ಎಲ್ಲ ಅವರ ಬಾಯಲ್ಲಿ ಆಗಲೇ ಇವೆ. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಕೊನೆಗೊಂದು 'ಉ' ಅಂಟಿಸಿಕೊಂಡಿದ್ದೇವೆ ಅಷ್ಟೆ. ಅದನ್ನು ಬಿಚ್ಚಿ ತೋರಿಸಿ, ಹತ್ತೇ ನಿಮಿಷದಲ್ಲಿ ಐವತ್ತು ಪದ ಸಿಗುತ್ತವೆ. 'ಎಗ್' ಅನ್ನುವುದು 'ಯೆಗ್' ಆದರೆ ತಲೆಬಿಸಿ ಬೇಡ. 'ಎಲೆ'ಯನ್ನು 'ಯೆಲೆ' ಅನ್ನುವ ಬಾಯಿ ಅದು.

ನಿಮ್ಮ ಇಂಗ್ಲಿಷ್ ಬಗ್ಗೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೆ ಮೊದಲು ಓದಿದ ನಿಮ್ಮಂಥವರೇ ಇವತ್ತು ಅದನ್ನು ಹೊತ್ತು ನಡೆಸುತ್ತಿದ್ದೀರಿ. ತರಬೇತಿಗೆ ಅವಕಾಶ ಬಂದರೆ ಬಿಡಬೇಡಿ. ಬೆಂಗಳೂರಿನಲ್ಲಿ 1963ರಿಂದಲೂ ಶಿಕ್ಷಕರಿಗೆಂದೇ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ನಾಳೆ ತರಗತಿಯಲ್ಲಿ ಹೇಳಬೇಕಾದ ಹತ್ತು ವಾಕ್ಯ ಇವತ್ತು ರಾತ್ರಿ ಬರೆದು, ಜೋರಾಗಿ ಹೇಳಿ ನೋಡಿ. ನಿಮ್ಮ ಹತ್ತಿರ ಇರುವ ಒಂದು ವಿಷಯ ಇಂಗ್ಲಿಷ್ ಮನೆಮಾತಿನವರ ಹತ್ತಿರ ಇಲ್ಲ: ಕನ್ನಡದ ಮಗು ಎಲ್ಲಿ ಎಡವುತ್ತದೆ ಅಂತ ನಿಮಗೆ ಗೊತ್ತು, ಯಾಕಂದ್ರೆ ನೀವೂ ಅಲ್ಲೇ ಎಡವಿದ್ದೀರಿ.

ಕೊನೆಗೆ, ನಿಮ್ಮ ಪತ್ರದ ಮೂರನೇ ಪುಟ. ಅದನ್ನು ಎರಡು ಸಲ ಓದಿದೆ. ನಾಲ್ಕನೇ ತರಗತಿಯ ಹುಡುಗಿ ಎದ್ದು ನಿಂತು, ಯಾರೂ ಕೇಳದೆ, "ಟೀಚರ್, ಮೈ ಫಾದರ್ ಬೈಕ್ ಫೆಲ್" ಅಂದಳು. ನೀವು ತಿದ್ದಿ, ಸರಿಯಾದ ವಾಕ್ಯವನ್ನು ಮೂರು ಸಲ ಹೇಳಿಸಿದಿರಿ. ಆ ವಾರವೆಲ್ಲ ಅವಳು ಬಾಯಿ ಬಿಡಲಿಲ್ಲ, ನಾನು ಮಾಡಿದ್ದು ತಪ್ಪಾ ಎಂದಿದ್ದೀರಿ.

ಅವಳ ವಾಕ್ಯ ನೋಡಿ. ಅಪ್ಪ, ಬೈಕಿಂದ, ಬಿದ್ದ. ಕನ್ನಡದ ಅದೇ ಸಾಲು, ಕ್ರಿಯಾಪದ ಕೊನೆಯಲ್ಲಿ. 'ಇಂದ' ಎನ್ನುವುದು ನಮ್ಮಲ್ಲಿ ಪದದ ಬಾಲಕ್ಕೆ ಅಂಟಿರುತ್ತದೆ, ಇಂಗ್ಲಿಷ್‌ನಲ್ಲಿ ಅದು ಬೇರೆ ಪದವಾಗಿ ಮುಂದೆ ಬರಬೇಕು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಆದರೂ 'ಫಾಲ್' ಅನ್ನದೆ 'ಫೆಲ್' ಅಂದಿದ್ದಾಳೆ. ಇಡೀ ವರ್ಷದಲ್ಲಿ ನಿಮ್ಮ ತರಗತಿಯಲ್ಲಿ ಯಾರಾದರೂ ಆಡಿದ ಮೊದಲ ನಿಜವಾದ ಇಂಗ್ಲಿಷ್ ಮಾತು ಅದೇ ಇರಬೇಕು. ಮನೆಯಲ್ಲಿ ಏನೋ ಆಗಿದೆ, ಅದನ್ನು ನಿಮಗೆ ಹೇಳಬೇಕು ಅನಿಸಿದೆ, ಹೊಸ ಭಾಷೆಯಲ್ಲಿ ಹೇಳಿದ್ದಾಳೆ.

ಅಂಥ ಹೊತ್ತಿನಲ್ಲಿ ಮೊದಲು ಸುದ್ದಿಗೆ ಉತ್ತರ ಕೊಡಿ. "ಓಹ್, ಹಿ ಫೆಲ್ ಆಫ್ ದ ಬೈಕ್? ವೆನ್?" ಅಂದರೆ ಸರಿಯಾದ ವಾಕ್ಯ ಅವಳ ಕಿವಿಗೆ ಬಿದ್ದೇ ಬೀಳುತ್ತದೆ. ವಾಕ್ಯ ತಿದ್ದುವ ಪಾಠ ಇನ್ನೊಂದು ದಿನ, ಯಾರ ಹೆಸರೂ ಹೇಳದೆ, ಎಲ್ಲರಿಗೂ ಒಟ್ಟಿಗೆ ಮಾಡಿದರಾಯಿತು.

ನೀವು ಮಾಡಿದ್ದು ಸರಿಹೋಗದಂಥ ತಪ್ಪಲ್ಲ ಮೇಡಂ. ನಾಳೆ ಹಾಜರಿ ಕರೆಯುವಾಗ ಅವಳ ಹೆಸರು ಬಂದ ತಕ್ಷಣ ಒಂದು ಗಳಿಗೆ ನಿಂತು ಕೇಳಿ: "ಹೌ ಈಸ್ ಯುವರ್ ಫಾದರ್ ನೌ?" ಅವಳು ಕನ್ನಡದಲ್ಲಿ ಉತ್ತರ ಕೊಟ್ಟರೂ ಪೂರ್ತಿ ಕೇಳಿಸಿಕೊಳ್ಳಿ.

- ಸಂ.