ಓದುಗರ ಪ್ರಶ್ನೆ: ಪಂಜರದ ಮೇಲಿನಿಂದ ಬಿದ್ದವನು

ಪ್ರಶ್ನೆ: ಶಾಲೆಗೆ ಹೋಗುತ್ತಿದ್ದಾಗ ಪಕ್ಕದ ಮನೆಯ ಟೀವಿಯಲ್ಲಿ ಅಂಡರ್‌ಟೇಕರ್ ಎಂಬವನು ಮ್ಯಾನ್‌ಕೈಂಡ್‌ನನ್ನು ಕಬ್ಬಿಣದ ಪಂಜರದ ತುದಿಯಿಂದ ಕೆಳಕ್ಕೆ ಎಸೆದದ್ದನ್ನು ನೋಡಿ ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅದೆಲ್ಲ ನಾಟಕ ಎಂದು ಈಗ ಎಲ್ಲರೂ ನಗುತ್ತಾರೆ. ಹಾಗಾದರೆ ರಕ್ತ, ಏಟು, ಬಿದ್ದದ್ದು ಎಲ್ಲವೂ ಸುಳ್ಳೇ?
– ಓದುಗರೊಬ್ಬರು, ಗದಗ

ಉತ್ತರ: ಟೀವಿಯಲ್ಲಿ ಬರುವ ಈ ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ, ಇದರಲ್ಲಿ ಗುಟ್ಟೇನೂ ಉಳಿದಿಲ್ಲ. ಕ್ರೀಡಾ ನಿಯಂತ್ರಣ ಮಂಡಳಿಯ ಕಟ್ಟುಪಾಡುಗಳಿಂದ ಬಿಡುಗಡೆ ಪಡೆಯಲೆಂದು ಈ ಪಂದ್ಯಗಳನ್ನು ನಡೆಸುವ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಸಂಸ್ಥೆಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ತಾವು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಆದರೆ ಎತ್ತರದಿಂದ ಬೀಳುವ ಮೈಗೆ ಆ ಒಪ್ಪಿಗೆಯಿಂದ ಯಾವ ರಿಯಾಯಿತಿಯೂ ಸಿಗಲಿಲ್ಲ.

ನೀವು ನೋಡಿದ್ದು 1998ರ ಜೂನ್ 28ರಂದು ಪಿಟ್ಸ್‌ಬರ್ಗ್ ನಗರದಲ್ಲಿ ನಡೆದ ಪಂದ್ಯ. ಮ್ಯಾನ್‌ಕೈಂಡ್ ವೇಷದಲ್ಲಿದ್ದವರು ಮಿಕ್ ಫೋಲಿ. ಸುಮಾರು 16 ಅಡಿ ಎತ್ತರದ ಪಂಜರದಿಂದ ವೀಕ್ಷಕ ವಿವರಣೆಕಾರರ ಮೇಜಿನ ಮೇಲೆ ಬಿದ್ದದ್ದು ಇಬ್ಬರೂ ಮಾತಾಡಿಕೊಂಡಿದ್ದ ಪ್ರಸಂಗ; ಮುರಿಯುವ ಮೇಜು ಹೊಡೆತದ ಒಂದಷ್ಟು ಪಾಲನ್ನು ತಾನು ತೆಗೆದುಕೊಳ್ಳುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಸ್ಟ್ರೆಚರ್ ಮೇಲೆ ಹೊರಟಿದ್ದ ಫೋಲಿ ಇಳಿದು ಮತ್ತೆ ಪಂಜರ ಹತ್ತಿದರು. ನಿಜವಾದ ಅನಾಹುತ ನಡೆದದ್ದು ಆಮೇಲೆ. ಅಂಡರ್‌ಟೇಕರ್ ಅವರನ್ನು ಕತ್ತು ಹಿಡಿದೆತ್ತಿ ಪಂಜರದ ಚಾವಣಿಯ ಮೇಲೆ ಕೆಡವಿದಾಗ ಅಲ್ಲಿನ ಜಾಲರಿ ಕಿತ್ತುಬಂದು, ಫೋಲಿ ನೇರವಾಗಿ ಕೆಳಗಿನ ರಿಂಗ್‌ಗೆ ಬಿದ್ದರು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಅವರ ಜೊತೆಗೇ ಮೇಲಿನಿಂದ ಬಿದ್ದ ಕಬ್ಬಿಣದ ಕುರ್ಚಿ ಮುಖಕ್ಕೆ ಬಡಿದು, ಮುರಿದ ಹಲ್ಲು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತು.

ಆಗ ಹಿರಿಯ ಕುಸ್ತಿಪಟು ಟೆರಿ ಫಂಕ್ ರಿಂಗ್‌ನೊಳಕ್ಕೆ ಬಂದದ್ದು ನಿಮಗೆ ನೆನಪಿರಬಹುದು. ಫೋಲಿಗೆ ಪ್ರಜ್ಞೆ ಮರಳುವವರೆಗೆ ಹೊತ್ತು ಕಳೆಯಬೇಕಾಗಿತ್ತು. ಅಂಡರ್‌ಟೇಕರ್ ಫಂಕ್ ಅವರನ್ನು ಎತ್ತಿ ಕೆಡವಿದರು. ಆ ರಭಸಕ್ಕೆ ಫಂಕ್ ಕಾಲಿನ ಶೂಗಳು ಕಳಚಿ ರಿಂಗ್‌ನಲ್ಲೇ ಉಳಿದವು. ಪ್ರೇಕ್ಷಕರ ಪಾಲಿಗೆ ಅದು ಕತೆಯ ಮುಂದಿನ ತಿರುವು. ಒಳಗಿನವರ ಪಾಲಿಗೆ ಬಿದ್ದವನಿಗೆ ಒಂದೆರಡು ನಿಮಿಷ ಉಸಿರಾಡಲು ಕೊಟ್ಟ ಬಿಡುವು. ಇಡೀ ಪಂದ್ಯದಲ್ಲಿ ನನಗೆ ಹೆಚ್ಚು ನಾಟಿದ್ದು ಅದೇ.

ಇನ್ನು ರಕ್ತದ ಮಾತು. ಅದು ಬಹುಮಟ್ಟಿಗೆ ಅಸಲಿ ರಕ್ತ, ಆದರೆ ಎದುರಾಳಿಯ ಏಟಿನಿಂದ ಬಂದದ್ದಾಗಿರಬೇಕೆಂದಿಲ್ಲ. ಮಣಿಕಟ್ಟಿನ ಅಥವಾ ಬೆರಳಿನ ಪಟ್ಟಿಯಲ್ಲಿ ಬ್ಲೇಡಿನ ಚೂರೊಂದನ್ನು ಅಡಗಿಸಿಟ್ಟುಕೊಂಡು, ಮುಖ ಮುಚ್ಚಿಕೊಂಡು ನರಳುವ ನೆಪದಲ್ಲಿ ಹಣೆಯ ಮೇಲೆ ಸಣ್ಣಗೆ ಗೀರಿಕೊಳ್ಳುವುದು ಈ ಕಸುಬಿನ ಹಳೆಯ ಪದ್ಧತಿ. ಹಣೆಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಮತ್ತು ರಕ್ತ ಬೆವರಿನೊಡನೆ ಬೆರೆತು ಹರಡುವುದರಿಂದ ಸಣ್ಣ ಗೀರೂ ಭೀಕರವಾಗಿ ಕಾಣುತ್ತದೆ. ಕುರ್ಚಿಯ ಏಟನ್ನು ಅದರ ಚಪ್ಪಟೆ ಭಾಗದಿಂದ ಬೆನ್ನಿಗೆ ಕೊಟ್ಟರೆ ಸದ್ದು ಹೆಚ್ಚು, ಅಪಾಯ ಕಡಿಮೆ. ತಲೆಗೆ ಕೊಟ್ಟ ಏಟಿಗೆ ಇಂಥ ಉಪಾಯವಿಲ್ಲ. ಡಬ್ಲ್ಯೂಡಬ್ಲ್ಯೂಇ 2010ರಲ್ಲಿ ಅದನ್ನು ನಿಷೇಧಿಸಿತು. ಅಷ್ಟು ತಡವಾದದ್ದೇಕೆ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಮೂಲೆಯ ಕಂಬದ ಮೇಲೆ ಬೆನ್ನು ತಿರುಗಿಸಿ ನಿಂತು, ಹಿಮ್ಮುಖವಾಗಿ ಪಲ್ಟಿ ಹೊಡೆದು ಎದುರಾಳಿಯ ಮೇಲೆ ಬೀಳುವ ಮೂನ್‌ಸಾಲ್ಟ್ ಪಟ್ಟಿನಲ್ಲಿ ಕೆಳಗಿದ್ದವನ ಪಕ್ಕೆಲುಬು ಏಕೆ ಮುರಿಯುವುದಿಲ್ಲ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕೆಳಗೆ ಮಲಗಿದವನು ಸುಮ್ಮನೆ ಮಲಗಿರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಮೇಲಿನವನು ಎಗರುವ ಹೊತ್ತಿಗೆ ಅವನು ಕಂಬದಿಂದ ಸರಿಯಾದ ದೂರಕ್ಕೆ ಜರುಗಿಕೊಂಡು, ಕೊನೆಯ ಗಳಿಗೆಯಲ್ಲಿ ಕೈಗಳನ್ನು ಮೇಲೆತ್ತಿ ಬರುವ ಭಾರವನ್ನು ತಡೆದು ಇಳಿಸಿಕೊಳ್ಳುತ್ತಾನೆ. ಎಗರಿದವನು ತನ್ನ ತೂಕದ ಬಹುಪಾಲನ್ನು ಎದುರಾಳಿಯ ಎದೆಗೆ ಕೊಡದೆ, ತನ್ನ ಮಂಡಿ ಮತ್ತು ಮುಂಗೈಗಳ ಮೂಲಕ ನೆಲಕ್ಕೆ ದಾಟಿಸುತ್ತಾನೆ. ಆ ನೆಲವಾದರೂ ಹಾಸಿಗೆಯಲ್ಲ. ಉಕ್ಕಿನ ಚೌಕಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮ್, ಕೊನೆಗೆ ಬಿಗಿದ ಕ್ಯಾನ್‌ವಾಸ್. ಒಬ್ಬನ ಪಕ್ಕೆಲುಬನ್ನು ಉಳಿಸಲು ಇನ್ನೊಬ್ಬನ ಮಂಡಿ ಸವೆಯುತ್ತದೆ. ಈ ಪಟ್ಟನ್ನು ಜಗತ್ತಿಗೆಲ್ಲ ಪರಿಚಯಿಸಿದ ಜಪಾನಿನ ಕೇಜಿ ಮುತೊ, ಅಂದರೆ ಗ್ರೇಟ್ ಮುತಾ, 2018ರಲ್ಲಿ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ದೂರದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2003ರ ಮಾರ್ಚ್ 30ರ ಸಿಯಾಟಲ್ ಪಂದ್ಯವನ್ನು ನೋಡಿ. ಜಪಾನಿನ ಜೂಷಿನ್ ಲೈಗರ್ 1980ರ ದಶಕದಲ್ಲಿ ರೂಢಿಗೆ ತಂದ ಶೂಟಿಂಗ್ ಸ್ಟಾರ್ ಪ್ರೆಸ್ ಎಂಬ ಪಟ್ಟಿನಲ್ಲಿ ದೇಹ ಮುಂದಕ್ಕೆ ಚಿಮ್ಮುತ್ತದೆ, ಆದರೆ ತಿರುಗುವುದು ಹಿಂದಕ್ಕೆ. ಮುಂದಕ್ಕೆ ಹೋಗುವ ವೇಗವೂ ಹಿಂದಕ್ಕೆ ತಿರುಗುವ ವೇಗವೂ ಒಂದೇ ನೆಗೆತದಲ್ಲಿ ಹುಟ್ಟಬೇಕು. ಸುಮಾರು 130 ಕಿಲೋ ತೂಕದ ಬ್ರಾಕ್ ಲೆಸ್ನರ್ ಇದಕ್ಕೆ ಕೈಹಾಕಿದಾಗ ಕರ್ಟ್ ಆ್ಯಂಗಲ್ ಮಲಗಿದ್ದದ್ದು ಕಂಬದಿಂದ ತೀರ ದೂರದಲ್ಲಿ. ಲೆಸ್ನರ್ ಸುತ್ತು ಪೂರ್ತಿಯಾಗದೆ ತಲೆಯ ಮೇಲೆ ಬಿದ್ದರು. ಕತ್ತು ಉಳಿದದ್ದೇ ಹೆಚ್ಚು. ಮಿದುಳಿಗೆ ಆಘಾತವಾದರೂ ಎದ್ದು, ನಿಗದಿಯಾಗಿದ್ದಂತೆ ಗೆದ್ದರು.

ಹಯಬುಸಾ ಎಂಬ ಮುಖವಾಡದ ಕಲಾವಿದ ಐಜಿ ಎಜಾಕಿ ಅವರಿಗೆ ಆ ಅದೃಷ್ಟವಿರಲಿಲ್ಲ. ಮುಳ್ಳುತಂತಿ ಮತ್ತು ಸಿಡಿಮದ್ದಿನ ಪಂದ್ಯಗಳಿಗೆ ಹೆಸರಾಗಿದ್ದ ಜಪಾನಿನ ಎಫ್‌ಎಂಡಬ್ಲ್ಯೂ ಸಂಸ್ಥೆಯಲ್ಲಿ, ಹಕ್ಕಿಯಂತೆ ಹಾರುವ ಪಟ್ಟುಗಳನ್ನು ತಂದವರು ಅವರು. ಹಿಮ್ಮುಖವಾಗಿ ನಿಂತು ನೆಗೆದು, ಗಾಳಿಯಲ್ಲೇ ಅರ್ಧ ಹೊರಳಿ, ಮುಂದಕ್ಕೆ ಒಂದೂಕಾಲು ಸುತ್ತು ಉರುಳಿ ಇಳಿಯುವ ಫೀನಿಕ್ಸ್ ಸ್ಪ್ಲ್ಯಾಶ್ ಅವರ ಕೊಡುಗೆ. 2001ರ ಅಕ್ಟೋಬರ್ 22ರಂದು ಟೋಕಿಯೋದ ಕೊರಾಕುಎನ್ ಸಭಾಂಗಣದಲ್ಲಿ, ಅದಕ್ಕಿಂತ ಎಷ್ಟೋ ಸುಲಭವಾದ, ಅವರು ದಿನನಿತ್ಯ ಮಾಡುತ್ತಿದ್ದ ಹಗ್ಗದ ಮೇಲಿನ ಹಿಮ್ಮುಖ ಪಲ್ಟಿಯಲ್ಲಿ ಕಾಲು ಜಾರಿ ತಲೆಯ ಮೇಲೆ ಬಿದ್ದು, ಕತ್ತಿನ ಎರಡು ಮೂಳೆಗಳು ಮುರಿದವು. ದೇಹ ಸ್ವಾಧೀನ ತಪ್ಪಿತು. ವರ್ಷಗಟ್ಟಲೆ ಸಾಧನೆ ಮಾಡಿ ಆಸರೆ ಹಿಡಿದು ನಿಲ್ಲುವ, ಹೆಜ್ಜೆ ಹಾಕುವ ಮಟ್ಟಕ್ಕೆ ಬಂದಿದ್ದ ಅವರು 2016ರ ಮಾರ್ಚ್‌ನಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ರಕ್ತ ತೋರಿಸಿ ಜನ ಸೇರಿಸುವುದನ್ನು ವಿದೇಶಿ ವಿಕೃತಿ ಎನ್ನುತ್ತಾರೆ. ನಮ್ಮ ದಸರೆಯ ವಜ್ರಮುಷ್ಟಿ ಕಾಳಗವನ್ನು ಏನೆನ್ನಬೇಕು?
– ಮೈಸೂರಿನ ಓದುಗರು

ಉತ್ತರ: ಹೋಲಿಕೆ ಮೇಲ್ನೋಟದ್ದು. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ಮುಷ್ಟಿಯಾಯುಧ ತೊಟ್ಟು ಕಾದುತ್ತಾರೆ. ಒಬ್ಬರ ತಲೆಯಲ್ಲಿ ಮೊದಲ ಹನಿ ರಕ್ತ ಕಾಣಿಸಿದೊಡನೆ ಕಾಳಗವನ್ನು ನಿಲ್ಲಿಸಲಾಗುತ್ತದೆ. ಅಲ್ಲಿ ರಕ್ತ ಕಂಡರೆ ಆಟ ಮುಗಿಯಿತು. ಕುರ್ಚಿ, ಮುಳ್ಳುತಂತಿಗಳನ್ನು ಬಳಸಿ ಹೊಡೆದಾಡುವ ಹಾರ್ಡ್‌ಕೋರ್ ಕುಸ್ತಿಯಲ್ಲಿ ರಕ್ತ ಕಂಡ ಮೇಲೆಯೇ ಆಟಕ್ಕೆ ಕಳೆ ಏರುವುದು.

ಪ್ರಶ್ನೆ: ಇಷ್ಟೆಲ್ಲ ಪೆಟ್ಟು ತಿನ್ನುವವರು ಎಷ್ಟು ವರ್ಷ ಈ ವೃತ್ತಿಯಲ್ಲಿ ಉಳಿಯಬಲ್ಲರು?
– ನಿವೃತ್ತ ದೈಹಿಕ ಶಿಕ್ಷಕರು, ಹಾವೇರಿ

ಉತ್ತರ: ಒಂದು ಅಳತೆಗೋಲು ಸಿಗುವುದಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಬಿದ್ದ ಫೋಲಿ ಅದಕ್ಕೂ ನಾಲ್ಕು ವರ್ಷ ಮೊದಲೇ, ಮ್ಯೂನಿಕ್ ಪಂದ್ಯವೊಂದರಲ್ಲಿ ಹಗ್ಗಗಳ ನಡುವೆ ತಲೆ ಸಿಕ್ಕಿಕೊಂಡು ಬಲಗಿವಿಯ ಬಹುಭಾಗವನ್ನು ಕಳೆದುಕೊಂಡಿದ್ದರು. 2000ದಲ್ಲಿ, 34ನೆಯ ವಯಸ್ಸಿಗೇ ಪೂರ್ಣಾವಧಿಯ ಕುಸ್ತಿ ಬಿಟ್ಟರು. ಅವರಿಗೆ ಬಿಡುವು ದೊರಕಿಸಿಕೊಟ್ಟ ಟೆರಿ ಫಂಕ್ ಅವರದ್ದು ಬೇರೆಯೇ ಜಾಯಮಾನ: ಫಿಲಡೆಲ್ಫಿಯಾದ ಇಸಿಡಬ್ಲ್ಯೂ ಸಂಸ್ಥೆಯ ಪಟ್ಟವನ್ನು ಅವರು 1997ರಲ್ಲಿ ಗೆದ್ದಾಗ ವಯಸ್ಸು 52, ಆ ದಿನಗಳಲ್ಲಿ ಮೂನ್‌ಸಾಲ್ಟ್ ಕೂಡ ಹೊಡೆಯುತ್ತಿದ್ದರು. 2023ರಲ್ಲಿ, 79ನೆಯ ವಯಸ್ಸಿನಲ್ಲಿ ನಿಧನರಾದರು. ಇತ್ತ 1981ರಲ್ಲಿ ಜಪಾನಿನ ಟೈಗರ್ ಮಾಸ್ಕ್ ಎದುರು ಆಡಿ ಹಾರಾಟದ ಕುಸ್ತಿಗೆ ಹೊಸ ವೇಗ ತಂದ ಇಂಗ್ಲೆಂಡಿನ ಡೈನಮೈಟ್ ಕಿಡ್ ಬೆನ್ನುಮೂಳೆ ಹಾಳಾಗಿ ಗಾಲಿಕುರ್ಚಿ ಸೇರಿದರು. ತಮ್ಮ 60ನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಡಬ್ಲ್ಯೂಡಬ್ಲ್ಯೂಇಯಂಥ ದೊಡ್ಡ ಸಂಸ್ಥೆಯೂ ಕುಸ್ತಿಪಟುಗಳನ್ನು ನೌಕರರೆಂದಲ್ಲ, ಸ್ವತಂತ್ರ ಗುತ್ತಿಗೆದಾರರೆಂದು ಪರಿಗಣಿಸುತ್ತದೆ ಎಂಬುದನ್ನೂ ಇದರೊಡನೆ ಓದಿಕೊಳ್ಳಬೇಕು.

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗ ಮೊಬೈಲಿನಲ್ಲಿ ಇವನ್ನೆಲ್ಲ ನೋಡಿ, ತಂಗಿಯನ್ನು ನೆಲದ ಹಾಸಿಗೆಯ ಮೇಲೆ ಮಲಗಿಸಿ ಮಂಚದಿಂದ ಹಾರುತ್ತಾನೆ. ಗದರಿದರೆ, ‘ಅದು ಸುಳ್ಳು ಕುಸ್ತಿ ಅಮ್ಮಾ, ಏನೂ ಆಗಲ್ಲ’ ಎನ್ನುತ್ತಾನೆ.
– ತಾಯಿಯೊಬ್ಬರು, ತುಮಕೂರು

ಉತ್ತರ: ಸುಳ್ಳು ಎಂಬ ಮಾತೇ ಅವನಿಗೆ ಧೈರ್ಯ ಕೊಟ್ಟಿದೆ. ಆದ್ದರಿಂದ ಕುಸ್ತಿ ಶಾಲೆಗಳಲ್ಲಿ ಮೊದಲು ಕಲಿಸುವುದು ಹಾರುವುದನ್ನಲ್ಲ, ಬೀಳುವುದನ್ನು ಎಂದು ಅವನಿಗೆ ಹೇಳಿ: ಗಲ್ಲವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತ, ಮೇಲ್ಬೆನ್ನು ಮತ್ತು ಎರಡೂ ತೋಳುಗಳು ಒಟ್ಟಿಗೆ ನೆಲಕ್ಕೆ ತಾಗುವಂತೆ ಬೀಳುವುದನ್ನು ನುರಿತವರ ಕಣ್ಣೆದುರು ನೂರಾರು ಸಲ ಅಭ್ಯಾಸ ಮಾಡಿದ ಮೇಲೆಯೇ ಕಂಬ ಹತ್ತಲು ಬಿಡುತ್ತಾರೆ. ಪಲ್ಟಿಯ ಮೇಲೆ ಆಸೆಯಿದ್ದರೆ ಜಿಮ್ನಾಸ್ಟಿಕ್ಸ್ ತರಬೇತಿಗೆ ಸೇರಿಸಿ. ಹಿಡಿತಗಳ ಮೇಲಿದ್ದರೆ ಊರಿನ ಗರಡಿ ಮನೆಗೆ ಕರೆದೊಯ್ಯಿರಿ. ಮಂಚದ ಆಟವನ್ನು ಮಾತ್ರ ಇಂದೇ ನಿಲ್ಲಿಸಿ. ಟೀವಿಯಲ್ಲಿ ಕೆಳಗೆ ಮಲಗಿದವನು ಹಾರಿ ಬರುವವನನ್ನು ಕೈಯೆತ್ತಿ ಇಳಿಸಿಕೊಳ್ಳುತ್ತಾನೆ. ನಿಮ್ಮ ಮಗಳಿಗೆ ಅದನ್ನು ಯಾರೂ ಕಲಿಸಿಲ್ಲ.