ಬೆಂಡು ಕುಣಿಯುತ್ತದೆ, ಮೀನು ಮಾತ್ರ ಸಿಗುವುದಿಲ್ಲ

ಇಂಗ್ಲೆಂಡಿನ ಕೆರೆಯಲ್ಲಿ ಬೆಂಡು ಕುಣಿಯುತ್ತದೆ, ಎಳೆದರೆ ಬರಿ ಗಾಳ ಬರುತ್ತದೆ ಎಂದಿದ್ದೀರಿ. ಬಹುಶಃ ನಿಮ್ಮ 10ನೇ ಅಳತೆಯ ಕೊಕ್ಕೆಯೇ ಕಾರಣ. ರೋಚ್ ಮೀನಿನ ಪುಟ್ಟ ಬಾಯಿಗೆ ಅದು ತೀರಾ ದೊಡ್ಡದು.

ಕೊಕ್ಕೆಯ ಸಂಖ್ಯೆ ಹೆಚ್ಚಿದಷ್ಟೂ ಅದು ಚಿಕ್ಕದು; ಮೊದಲು 18ನೇ ಅಳತೆಯ, ತುದಿಯಲ್ಲಿ ಹಿಮ್ಮುಳ್ಳಿಲ್ಲದ ಕೊಕ್ಕೆ ಕಟ್ಟಿ. ಒಂದೇ ಒಂದು ಮ್ಯಾಗಟ್ ಹುಳುವನ್ನು (ನೊಣದ ಮರಿಹುಳು) ದಪ್ಪ ತುದಿಯ ಚರ್ಮಕ್ಕಷ್ಟೇ ಚುಚ್ಚಿ. ಅದು ಹೊರಳಾಡುತ್ತಲೇ ಇರಬೇಕು, ಸೋರಿ ಸೊರಗಿದ ಹುಳುವನ್ನು ಮೀನು ಮೂಸುವುದಿಲ್ಲ. ಆಮೇಲೆ ಬೆಂಡಿನ ತುದಿ ಅಕ್ಕಿಕಾಳಿನಷ್ಟು ಮಾತ್ರ ನೀರಿನ ಮೇಲೆ ಕಾಣುವವರೆಗೆ ದಾರಕ್ಕೆ ಭಾರದ ಪುಟ್ಟ ಗುಂಡು ಸೇರಿಸುತ್ತಾ ಹೋಗಿ. ಬಹುತೇಕ ಅಳತೆಯ ಸೀಸದ ಗುಂಡುಗಳಿಗೆ ಅಲ್ಲಿ ನಿಷೇಧವಿದೆ; ಹಂಸಗಳು ನುಂಗಿ ಸಾಯುತ್ತವೆ. ದಯವಿಟ್ಟು ಸೀಸವಲ್ಲದ್ದನ್ನೇ ಕೊಳ್ಳಿ.

ಆಳ ಅಳೆದಿದ್ದೀರೋ ಇಲ್ಲವೋ ಬರೆದಿಲ್ಲ. ಅಳೆಯದಿದ್ದರೆ ದೋಷ ಅಲ್ಲಿಯೂ ಇರಬಹುದು. ಕೊಕ್ಕೆಗೆ ಭಾರ ಸಿಕ್ಕಿಸಿ ಎಸೆಯಿರಿ: ಬೆಂಡು ಮುಳುಗಿದರೆ ಅದನ್ನು ದಾರದಲ್ಲಿ ಮೇಲಕ್ಕೆ ಸರಿಸಿ, ಎದ್ದು ನಿಂತರೆ ಕೆಳಕ್ಕೆ. ಕುಳಿತ ಮೇಲೆ ಕೆಲವು ನಿಮಿಷಕ್ಕೊಮ್ಮೆ ಒಂದು ಚಿಟಿಕೆ ಹುಳುಗಳನ್ನು ಬೆಂಡಿನ ಸುತ್ತ ಚೆಲ್ಲಿ.

ಗಾಳ ಹಾಕಲು ಸರ್ಕಾರದ ಪರವಾನಗಿಯಾದ ರಾಡ್ ಲೈಸೆನ್ಸ್ ಒಂದೇ ಸಾಲದು, ಆ ನೀರಿನ ಮಾಲೀಕರ ಅಥವಾ ಕ್ಲಬ್ಬಿನ ದಿನದ ಟಿಕೆಟ್ಟೂ ಬೇಕು. ನದಿಗೆ ಹೋಗುವುದಾದರೆ ಮಾರ್ಚ್ 15ರಿಂದ ಜೂನ್ 15ರವರೆಗೆ ರೋಚ್, ಪರ್ಚ್‌ಗಳನ್ನು ಹಿಡಿಯುವಂತಿಲ್ಲ.